ವೆನಿಸ್‌ನಲ್ಲಿ ತಿಂದ ಬಜೆ

ಕುಮಟೆಯಲ್ಲಿ ನನಗೆ ಬಾಡಿಗೆ ಮನೆ ಸಿಕ್ಕಿದ್ದು ಒಂದು ಸುಳ್ಳು ಹೇಳಿ. ಕೊಂಕಣ ರೈಲು ಓಡಲು ಶುರುವಾಗಿ ಕೆಲವು ವರ್ಷಗಳಾಗಿದ್ದವು. ಅಲ್ಲಿಯ ಹೈಸ್ಕೂಲಿಗೆ ಸಮಾಜ ವಿಜ್ಞಾನ ಕಲಿಸಲು ಸೇರಿದ್ದೆ. ಎಂಟು ಮನೆ ನೋಡಿ ಬಂದೆ. ಒಂಟಿ ಹೆಂಗಸು ಎಂದು ಕೆಲವರು ಬೇಡ ಅಂದರು, ಮೀನು ತಿನ್ನುವ ಜನ ಎಂದು ಉಳಿದವರು. ಒಂಬತ್ತನೆಯದು ಅಡಿಕೆ ತೋಟವಿದ್ದ ಒಂದು ಕುಟುಂಬದ ಮನೆ. ಯಜಮಾನರು ಬ್ಯಾಂಕಿನಿಂದ ನಿವೃತ್ತರಾಗಿ ಪೇಟೆಯಲ್ಲಿ ಮನೆ ಕಟ್ಟಿಸಿಕೊಂಡು ಹೆಂಡತಿಯೊಡನೆ ಕೆಳಗಿದ್ದರು. ಮಹಡಿಯ ಮೇಲೆ ಎರಡು ಕೋಣೆ, ಹೊರಗಿನಿಂದ ಮೆಟ್ಟಿಲು, ಬಾವಿಯ ನೀರು. ಶಾಲೆಗೆ ಹತ್ತು ನಿಮಿಷದ ದಾರಿ.

"ನೀವು ಎಂತ ತಿನ್ನೋರು?" ಎಂದು ಯಜಮಾನರ ಹೆಂಡತಿ ಕೇಳಿದರು. ಅವರನ್ನು ನಾನು ಕೊನೆಯವರೆಗೂ ಅಮ್ಮ ಎಂದೇ ಕರೆದೆ. ನಾನು ಯಾರ ಪೈಕಿ ಎಂಬುದು ನನ್ನ ಊರು, ಕೇರಿ ಕೇಳಿದಾಗಲೇ ಅವರಿಗೆ ತಿಳಿದಿತ್ತು.

"ನಾನು ಅದೆಲ್ಲ ಬಿಟ್ಟು ಆರು ವರ್ಷ ಆತು ಅಮ್ಮ," ಅಂದೆ.

ಅಮ್ಮನ ಮುಖ ಅರಳಿತು. "ಕಂಡ್ರಾ? ಓದಿದ್ದು ಸಾರ್ಥಕ ಆತು," ಎಂದು ಗಂಡನ ಕಡೆ ನೋಡಿದರು.

ನಾನು ಓದಿದ್ದು ಮೀನು ಬಿಡುವುದಕ್ಕಲ್ಲ. ಮೀನು ಮಾರಿಯೇ ಅವ್ವಿ, ನನ್ನ ಹೆತ್ತವಳು, ನನ್ನನ್ನು ಓದಿಸಿದಳು. ಹೊನ್ನಾವರದ ಹೊಳೆ ದಂಡೆಯ ನಮ್ಮ ಕೇರಿಯಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನು ಮೊದಲಿನವಳು, ಗಂಡುಮಕ್ಕಳನ್ನೂ ಸೇರಿಸಿ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವಿ ಬುಟ್ಟಿ ಹೊತ್ತು ತಿರುಗದ ದಿನವಿಲ್ಲ. ಬಿ.ಎಡ್. ಮುಗಿಸಿ ಮೊದಲು ಭಟ್ಕಳದ ಶಾಲೆಯೊಂದರಲ್ಲಿ ಕೆಲಸಕ್ಕಿದ್ದೆ. ಅಲ್ಲಿ ನವಾಯತ ಮುಸಲ್ಮಾನರ ಮನೆಯ ಹಿಂದಿನ ಕೋಣೆಯಲ್ಲಿ ವಾಸ. ಆ ಮನೆಯ ಅಜ್ಜಿ ಶುಕ್ರವಾರಕ್ಕೊಮ್ಮೆ ಮೀನಿನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಕಳಿಸುತ್ತಿದ್ದರು. ಎಂತ ತಿನ್ನುತ್ತೀ ಎಂದು ಯಾರೂ ಕೇಳಿರಲಿಲ್ಲ.

ಕುಮಟೆಯಲ್ಲಿ ಭಾನುವಾರ ಬಂದರೆ ಬಸ್ಸು ಹತ್ತಿ ಹೊನ್ನಾವರಕ್ಕೆ ಹೋಗುತ್ತಿದ್ದೆ. ಅವ್ವಿಯ ಕೈಯ ಬಂಗಡೆ ಮೀನಿನ ಪಳದಿ, ಅನ್ನ ಉಂಡು, ಅಲ್ಲಿಯೇ ತಲೆಗೆ ಸ್ನಾನ ಮಾಡಿ, ಸೀರೆ ಬದಲಿಸಿ, ಏಲಕ್ಕಿ ಅಗಿಯುತ್ತ ವಾಪಸಾಗುತ್ತಿದ್ದೆ. ಮೆಟ್ಟಿಲು ಹತ್ತುವಾಗ ಕೆಳಗಿನ ಕಿಟಕಿಯಿಂದ ಅಮ್ಮ ಮಾತಾಡಿಸಿದರೆ ಬಾಯಿ ಪೂರ್ತಿ ತೆರೆಯದೆ ಉತ್ತರಿಸುತ್ತಿದ್ದೆ. ಅವ್ವಿ ಒಮ್ಮೆ ಮಾತ್ರ ನನ್ನ ಮನೆ ನೋಡಲು ಬಂದಳು. ಗೇಟಿನ ಹೊರಗೇ ನಿಂತಳು. "ನನ್ನ ಸೀರೆಗೆ ವಾಸನೆ ಇರ್ತದೆ ಮಗಾ. ನಾ ಮೇಲೆ ಬಂದ್ರೆ ನಿನ್ನ ಮನೆ ಹೋಗ್ತದೆ," ಎಂದು ತಲೆ ಎತ್ತಿ ಕಿಟಕಿಗಳನ್ನು ನೋಡಿ ಹೊರಟುಹೋದಳು. ನಾನು ತಡೆಯಲಿಲ್ಲ.

ಹೀಗೆ ಮೂರು ವರ್ಷ ಕಳೆಯಿತು. ಆಗ ಯಜಮಾನರು ಮುಂಬೈಯ ಒಂದು ಟೂರ್ ಕಂಪನಿಯಲ್ಲಿ ಇಟಲಿ, ಸ್ಪೇನ್ ಪ್ರವಾಸಕ್ಕೆ ಇಬ್ಬರ ಹೆಸರು ಬರೆಸಿದರು. ಹೊರಡುವುದಕ್ಕೆ ಎರಡು ತಿಂಗಳಿರುವಾಗ ಅವರ ಬೆನ್ನು ಹಿಡಿದು ವೈದ್ಯರು ಪ್ರಯಾಣ ಬೇಡ ಅಂದುಬಿಟ್ಟರು. ಅಮ್ಮನಿಗೆ ಇಂಗ್ಲಿಷ್ ಬಾರದು, ಒಬ್ಬರೇ ಹೋಗುವ ಧೈರ್ಯವೂ ಇಲ್ಲ.

"ಅಕ್ಕೋರೆ, ನೀವು ಬನ್ನಿ," ಅಂದರು. ನಮ್ಮ ಕಡೆ ಹೆಣ್ಣು ಮಾಸ್ತರರಿಗೆ ಅಕ್ಕೋರು ಎನ್ನುವುದು. "ನಿಮ್ಮಂಥೋರು ಜೊತೆಗಿದ್ರೆ ನನ್ನ ಊಟದ ಚಿಂತೆಯೂ ಹೋತು."

ಗಲ್ಫ್‌ನ ಶಾಲೆಗಳಿಗೆ ಅರ್ಜಿ ಹಾಕುವ ಆಸೆಯಿಂದ ಭಟ್ಕಳದಲ್ಲಿದ್ದಾಗಲೇ ಪಾಸ್‌ಪೋರ್ಟ್ ಮಾಡಿಸಿದ್ದೆ. ಪುಕ್ಕಟೆ ಬರುವುದಿಲ್ಲ ಎಂದು ಎರಡು ಸಲ ಹೇಳಿದೆ, ಯಜಮಾನರು ಕಿವಿಗೇ ಹಾಕಿಕೊಳ್ಳಲಿಲ್ಲ. ಹೀಗಾಗಿ ಸುಳ್ಳಿನ ಮೇಲೆ ಋಣವೂ ಸೇರಿತು. ಆದರೂ ಹೊರಟೆ. ರೋಮ್, ಫ್ಲಾರೆನ್ಸ್, ವೆನಿಸ್ ಎಂದು ವರ್ಷವರ್ಷವೂ ಮಕ್ಕಳಿಗೆ ಉರು ಹೊಡೆಸಿದವಳು ನಾನು. ಆ ಊರುಗಳಲ್ಲಿ ಏನು ಬೇಯುತ್ತದೆ, ಜನ ಏನು ಉಣ್ಣುತ್ತಾರೆ ಎಂದು ಕಾಣುವ ಆಸೆ ಇತ್ತು.

ಆ ಆಸೆ ರೋಮಿನ ಮೊದಲ ದಿನವೇ ಮುಗಿಯಿತು. ನಲವತ್ತು ಜನರಿಗೆ ಒಂದು ಬಸ್ಸು, ಪ್ರತಿಯೊಬ್ಬರಿಗೂ ಸೀಟಿನ ನಂಬರು. ಬಸ್ಸಿನ ಹಿಂದೆ ನಮ್ಮ ಅಡಿಗೆಯವರ ಗಾಡಿ. ರೋಮಿನಲ್ಲಿ ದಾಲು ಅನ್ನ, ಫ್ಲಾರೆನ್ಸಿನಲ್ಲಿ ದಾಲು ಅನ್ನ, ಅದೂ ಬಸ್ಸು ನಿಲ್ಲಿಸುವ ಬಯಲಿನಲ್ಲಿ ಕಾಗದದ ತಟ್ಟೆ ಹಿಡಿದುಕೊಂಡು. ಟೂರ್ ಮ್ಯಾನೇಜರ್ ಕೈಯಲ್ಲಿ ಹಳದಿ ಬಾವುಟ. ಬಾವುಟ ಎದ್ದರೆ ಏಳಬೇಕು, ಓಡಿದರೆ ಓಡಬೇಕು. ಪುನರುಜ್ಜೀವನಕ್ಕೆ ಐದು ಕಾರಣಗಳನ್ನು ನಾನು ನಿದ್ದೆಯಲ್ಲೂ ಹೇಳಬಲ್ಲೆ. ಅದು ಹುಟ್ಟಿದ ಊರಿನಲ್ಲಿ ನನಗೆ ಸಿಕ್ಕಿದ್ದು ನಲವತ್ತು ನಿಮಿಷ, ಅದರಲ್ಲಿ ಹದಿನೈದು ಶೌಚಾಲಯದ ಸಾಲಿನಲ್ಲಿ.

ಅಮ್ಮ ಮಾತ್ರ ಖುಷಿಯಾಗಿದ್ದರು. ಚೌಕದಲ್ಲಿದ್ದ ಆಳೆತ್ತರ ಮೀರಿದ ಬೆತ್ತಲೆ ಪ್ರತಿಮೆಯ ಮುಂದೆ ನಿಂತು, "ಇಷ್ಟು ದೊಡ್ಡ ಆಳಿಗೆ ಒಂದು ಪಂಜೆ ಇಲ್ಲೆ," ಎಂದು ಸೆರಗು ಬಾಯಿಗೆ ಒತ್ತಿ ನಕ್ಕರು. ಅವರ ಪೆಟ್ಟಿಗೆಯಲ್ಲಿ ಅವಲಕ್ಕಿ, ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ. ಸಂಜೆ ಹೋಟೆಲಿನ ಕೋಣೆಯಲ್ಲಿ ತಮ್ಮ ಕೈಯಾರೆ ಕಲಸಿ ಮೊದಲು ನನಗೆ ಕೊಟ್ಟು ಆಮೇಲೆ ತಾವು ತಿನ್ನುತ್ತಿದ್ದರು. ಒಳ್ಳೆಯ ಹೆಂಗಸು. ಕೆಟ್ಟವರಾಗಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಒಂದೇ ಕೋಣೆ, ಎರಡು ಮಂಚಗಳ ನಡುವೆ ಒಂದು ಮೊಳ. ನಾನು ಬಿಟ್ಟ ಉಸಿರು ಅವರಿಗೆ ತಾಗುತ್ತಿತ್ತು. ಊರಿನಲ್ಲಾದರೆ ವಾರಕ್ಕೊಂದು ಭಾನುವಾರವಿತ್ತು.

ವೆನಿಸ್‌ನಲ್ಲಿ ಬೆಳಿಗ್ಗೆ ಒಂದು ಗಂಟೆ ಬಿಡುವು ಕೊಟ್ಟರು. ಕಾಲುನೋವೆಂದು ಅಮ್ಮ ಸೇತುವೆಯ ಬುಡದ ಕಲ್ಲುಕಟ್ಟೆಯ ಮೇಲೆ ಕೂತರು. ಇಲ್ಲೇ ನೋಡಿ ಬರುತ್ತೇನೆ ಎಂದು ನಾನು ಗಾಳಿ ಬಂದ ಕಡೆಗೆ ನಡೆದೆ. ಗಾಳಿಯಲ್ಲಿ ಮೀನಿತ್ತು. ಕಮಾನಿನ ಕೆಳಗೆ ಮಾರುಕಟ್ಟೆ: ಮಂಜಿನ ಮೇಲೆ ಸಾಲಾಗಿ ಬಂಗಡೆ, ತಾರ್ಲೆ, ಸಿಗಡಿ, ಏಡಿ. ನಮ್ಮ ಬಂಗಡೆಗಿಂತ ಸ್ವಲ್ಪ ಸಪೂರ, ಬೆನ್ನಿನ ಗೆರೆ ಬೇರೆ. ಮಾರುವವರೆಲ್ಲ ಗಂಡಸರು. ನಮ್ಮಲ್ಲಿ ಗಂಡಸು ಹಿಡಿದರೆ ಮಾರುವುದು ಹೆಂಗಸು. ಅವ್ವಿ ಇದ್ದಿದ್ದರೆ ಕಿವಿರು ಎತ್ತಿ ನೋಡಿ, ನಿನ್ನೆಯದು ಯಾವುದು ಇವತ್ತಿನದು ಯಾವುದು ಎಂದು ಅವರ ಮುಖಕ್ಕೇ ಹೇಳುತ್ತಿದ್ದಳು. ನಾನು ಮುಟ್ಟಲಿಲ್ಲ. ಕೈಗೆ ವಾಸನೆ ಹತ್ತಿದರೆ? ಸಾವಿರಾರು ಮೈಲಿ ದೂರ ಬಂದು, ಗುರುತಿನವರು ಒಬ್ಬರೂ ಇಲ್ಲದ ಊರಿನಲ್ಲಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಮೀನು ನೋಡಿದೆ.

ಹಿಂದಿರುಗಿದಾಗ ಅಮ್ಮ ಎದುರಿನ ಅಂಗಡಿಯಿಂದ ಒಂದು ಕಾಗದದ ಪೊಟ್ಟಣ ತಂದುಕೊಂಡು ತಿನ್ನುತ್ತಿದ್ದರು. ಒಬ್ಬರೇ ಹೋಗಿ, ಬೆರಳು ತೋರಿಸಿ, ಕೊಂಡು ತಂದ ಹೆಮ್ಮೆ ಮುಖದ ತುಂಬ.

"ಬನ್ನಿ ಅಕ್ಕೋರೆ, ನೀರುಳ್ಳಿ ಬಜೆ! ವಿಮಾನದಲ್ಲಿ ಕೊಟ್ಟಿದ್ರಲ್ಲ, ಹಂಗೇ ಬಳೆ ಬಳೆ. ಸ್ವಲ್ಪ ರಬ್ಬರ್ ಆಗಿದ್ದು, ಅಡ್ಡಿಲ್ಲೆ."

ಎರಡು ಹೆಜ್ಜೆ ದೂರದಲ್ಲೇ ನನಗೆ ತಿಳಿಯಿತು. ಅದು ಮಾಣಕಿ. ಮಸಿ ಉಗುಳುವ, ಮುಳ್ಳಿಲ್ಲದ ಮೀನು. ಅಡ್ಡ ಕೊಯ್ದರೆ ಬಳೆಯಂತೆಯೇ ಕಾಣುತ್ತದೆ. ನಮ್ಮ ಮನೆಯಲ್ಲಿ ಮಸಾಲೆ ಹಚ್ಚಿ ಹುರಿಯುತ್ತಾರೆ.

ಈಗ ಬರೆಯುವುದನ್ನು ನಾನು ಅವ್ವಿಯ ಹೊರತು ಬಹಳ ದಿನ ಯಾರಿಗೂ ಹೇಳಿರಲಿಲ್ಲ. ನಾನು ಕೂಡಲೇ ಬಾಯಿ ಬಿಡಲಿಲ್ಲ. ಅಮ್ಮ ಪೊಟ್ಟಣ ಚಾಚಿದರು, ನಾನು ಒಂದು ಬಳೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ. ಬಿಸಿಯಿತ್ತು, ನಿಂಬೆ ಹಿಂಡಿದ್ದರು. ಇನ್ನೊಂದು ತೆಗೆದೆ. ಅವರ ಕಣ್ಣೆದುರೇ, ಅವರ ಕೈಯಿಂದಲೇ, ಬಜೆ ಎಂಬ ಹೆಸರಿನಲ್ಲಿ ತಿನ್ನಬಹುದಿತ್ತು. ಮೂರು ವರ್ಷದಲ್ಲಿ ಮೊದಲ ಸಲ ಅವರೆದುರು ಬಾಯಿ ಮುಚ್ಚಿಕೊಳ್ಳದೆ ತಿಂದೆ. ನಾನೊಂದು ತಿಂದರೆ ಅಮ್ಮನೂ ಒಂದು ತಿನ್ನುತ್ತಿದ್ದರು. ಅದನ್ನು ನೋಡುತ್ತಲೇ ಇದ್ದೆ. ನಾಲ್ಕಾಯಿತು, ಐದಾಯಿತು.

"ಹಿಂದಿನ ಸೀಟಿನ ಗುಜರಾತಿ ಅಜ್ಜಿಗೂ ಒಂದು ಪೊಟ್ಟಣ ತಗಂಬನ," ಎಂದು ಅಮ್ಮ ಎದ್ದರು. "ಪಾಪ, ಅದು ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟೂದಿಲ್ಲ, ಬರೀ ಬಿಸ್ಕೀಟು ತಿಂದ್ಕಂಡಿದ್ದು."

ಆಗ ಹೇಳಲೇಬೇಕಾಯಿತು. "ಅಮ್ಮ, ಬೇಡ. ಅದು ನೀರುಳ್ಳಿ ಅಲ್ಲ. ಮೀನು."

ಅವರು ಪೊಟ್ಟಣ ನೋಡಿದರು, ನನ್ನ ಕೈಯಲ್ಲಿದ್ದ ಅರ್ಧ ಬಳೆ ನೋಡಿದರು. ಹೆದರಿಕೆಗೆ ಅವರ ಮನೆಮಾತೇ ಹೊರಬಂತು: "ಎಂತ ಮಾಡವು ಈಗ? ನುಂಗಿ ಆಗೋತು!" ಕಾಲುವೆಯ ಅಂಚಿಗೆ ಹೋಗಿ ಬಾಟಲಿಯ ನೀರು ಪೂರ್ತಿ ಮುಗಿಯುವವರೆಗೆ ಬಾಯಿ ಮುಕ್ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಿಮಗೆ ಯಾವಾಗ ಗೊತ್ತಾತು?"

"ಮೊದಲೇ."

"ಗೊತ್ತಿದ್ದೂ ತಿಂದ್ರಾ?"

"ಹೌದಮ್ಮ. ನಾನು ಬಿಟ್ಟಿಲ್ಲ. ಯಾವತ್ತೂ ಬಿಟ್ಟಿರಲಿಲ್ಲ."

"ನನಗೂ ತಿನ್ನಿಸಿದ್ರಲ್ಲ ಅಕ್ಕೋರೆ."

ಅರ್ಧ ಬಳೆಯನ್ನು ಪೊಟ್ಟಣದ ಸಮೇತ ಕಸದ ಡಬ್ಬಿಗೆ ಹಾಕಿದೆ. ಬಾವುಟ ಎದ್ದಿತು, ಬಸ್ಸಿಗೆ ಹೋಗಿ ಅಕ್ಕಪಕ್ಕದ ಅವೇ ಸೀಟುಗಳಲ್ಲಿ ಕೂತೆವು.

ಸಂಜೆ ಅಮ್ಮ ಮೂರು ಸಲ ಸ್ನಾನ ಮಾಡಿದರು. ಒದ್ದೆ ತಲೆಯಲ್ಲೇ ಮಂಚದ ತುದಿಗೆ ಕೂತು, ಪಾಠ ಒಪ್ಪಿಸುವಂತೆ ಹೇಳಿದರು: "ನಾ ತಿಂದಿದ್ದು ಬಜೆ. ನೀವು ಮೀನು ತಿನ್ನೋರಲ್ಲ. ಯಜಮಾನ್ರಿಗೆ ಇದು ಗೊತ್ತಾದ್ರೆ ಅವರು ನನ್ನ ಕೈಯಿಂದ ದೇವರ ನೈವೇದ್ಯ ಮಾಡ್ಸೂದಿಲ್ಲೆ. ಇಡಗುಂಜಿ ದೇವಸ್ಥಾನಕ್ಕೆ ಹೋಗಿ ನಾನೇ ತಪ್ಪುಕಾಣಿಕೆ ಹಾಕ್ತೆ. ನಿಮ್ಮ ಮನೆ ನಿಮಗೇ ಇರ್ತದೆ. ಆತಾ?"

"ಆತು," ಅಂದೆ. ಮತ್ತೇನು ಹೇಳಲಿ? ತಪ್ಪು ನನ್ನದು, ಮನೆ ಅವರದು.

ಮಾರನೆಯ ದಿನ ಸ್ಪೇನಿಗೆ ಹಾರಿದೆವು. ಅಲ್ಲಿಂದ ನನಗೆ ಹೊಸ ಕೆಲಸ ಶುರುವಾಯಿತು. ಬಾರ್ಸಿಲೋನಾದಲ್ಲಿ ನಮ್ಮ ಅಡಿಗೆ ಗಾಡಿ ಇರಲಿಲ್ಲ, ಹೋಟೆಲುಗಳಲ್ಲೇ ಊಟ. ಸಸ್ಯಾಹಾರಿಗಳಿಗೆ ಬೇರೆ ಮೇಜು. ಏನೇ ಬಂದರೂ ಅಮ್ಮ ತಟ್ಟೆಯನ್ನು ನನ್ನ ಮುಂದೆ ಸರಿಸುತ್ತಿದ್ದರು. "ನೋಡಿ, ಎಂತಾದ್ರೂ ಇದ್ದಾ?" ನಾನು ಮೂಸಿ, ಕೆದಕಿ, ಒಂದು ಅಗುಳು ನಾಲಿಗೆಗೆ ತಾಗಿಸಿ ಹೇಳಬೇಕು. ಕೇಸರಿ ಹಾಕಿದ ಹಳದಿ ಅನ್ನ ಅಗಲವಾದ ಬಾಣಲೆಯಲ್ಲೇ ಬಂತು. ನಮ್ಮದರಲ್ಲಿ ಬೀನ್ಸು, ಪಕ್ಕದ ಮೇಜಿನದರಲ್ಲಿ ಸಿಗಡಿ, ಚಿಪ್ಪಿಕಲ್ಲು. ನಮ್ಮ ಬಾಣಲೆಯಲ್ಲೂ ಮೀನಿನ ನೀರು ಬಿದ್ದಿತ್ತು. "ಬೇಡಮ್ಮ," ಅಂದೆ. ಅಮ್ಮ ಬ್ರೆಡ್ಡು ತಿಂದರು. ಅವರು ಬ್ರೆಡ್ಡು ತಿನ್ನುವಾಗ ನಾನು ಬೇರೆ ತಿನ್ನುವುದೆಂತು? ನಾನೂ ಬ್ರೆಡ್ಡು ತಿಂದೆ. ಗುಜರಾತಿ ಅಜ್ಜಿ ನನ್ನ ಮೂಗನ್ನು ಮೆಚ್ಚಿ ತಮ್ಮ ತಟ್ಟೆಯನ್ನೂ ನನ್ನ ಕಡೆ ಸರಿಸತೊಡಗಿದರು. ಮ್ಯಾಡ್ರಿಡ್ ಮುಗಿಯುವ ಹೊತ್ತಿಗೆ ಇಡೀ ಮೇಜಿಗೆ ನಾನೇ ಪರೀಕ್ಷಕಿ. ಅದೇನೂ ಸಣ್ಣ ಮರ್ಯಾದೆಯಲ್ಲ. ಹೊಟ್ಟೆ ಮಾತ್ರ ಖಾಲಿ.

ಊರಿಗೆ ಬಂದ ಭಾನುವಾರ ಅವ್ವಿಗೆ ಎಲ್ಲವನ್ನೂ ಹೇಳಿದೆ. ಬಜೆಯ ಕತೆಗೆ ಅವಳು ಬಿದ್ದು ಬಿದ್ದು ನಕ್ಕಳು. ನಗು ನಿಂತ ಮೇಲೆ ಕೇಳಿದಳು, "ಆಮೇಲೆ? ಅಷ್ಟು ಮೀನಿರೋ ಊರಲ್ಲಿ ಮತ್ತೆಂತ ತಿಂದೆ?"

"ಬ್ರೆಡ್ಡು."

ಅವ್ವಿ ನನ್ನ ತಟ್ಟೆಗೆ ಇನ್ನೊಂದು ಬಂಗಡೆ ಹಾಕಿದಳು. "ಅಲ್ಲಿ ನಿನ್ನ ಗುರ್ತಿನವ್ರು ಯಾರಿದ್ರೇ? ಕದ್ದು ತಿನ್ನೂಕೆ ನಾ ನಿನ್ನ ಓದ್ಸಿದ್ನಾ?" ಬೈಗುಳದ ದನಿಯಲ್ಲಿ ಹೇಳಲಿಲ್ಲ. ಮೀನು ಬಡಿಸುತ್ತ, ಉಪ್ಪು ಸಾಕಾ ಎಂದು ಕೇಳುವಂತೆ ಕೇಳಿದಳು. ನಾನು ತಲೆ ಎತ್ತದೆ ಉಂಡೆ. ಆ ದಿನ ಮಾತ್ರ ಬಸ್ಸಿನಲ್ಲಿ ಏಲಕ್ಕಿ ಅಗಿಯಲಿಲ್ಲ. ಮೆಟ್ಟಿಲು ಹತ್ತುವಾಗ ಕಿಟಕಿಯಲ್ಲಿ ಯಾರೂ ಇರಲಿಲ್ಲ.

ಎರಡು ವಾರದ ಮೇಲೆ ಫೋಟೋಗಳು ತೊಳೆಸಿ ಬಂದವು. ಕೆಳಗಿನ ಮನೆಯ ಜಗಲಿಯಲ್ಲಿ ಓಣಿಯ ಹೆಂಗಸರು ನಾಲ್ಕೈದು ಜನ ಸೇರಿದರು. ಯಜಮಾನರು ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಕುರ್ಚಿಯಲ್ಲಿದ್ದರು. ಅಮ್ಮ ಆಲ್ಬಮ್ಮು ಬಿಡಿಸಿ ಒಂದೊಂದೇ ಊರು ತೋರಿಸಿದರು. ಒಬ್ಬಾಕೆ, "ಅಲ್ಲಿ ಊಟಕ್ಕೆ ಎಂತ ಮಾಡಿದ್ರಿ? ಎಲ್ಲ ಮೀನು ಮಾಂಸವೇ ಅಂಬ್ರು," ಅಂದರು.

ಅಮ್ಮ ಆಲ್ಬಮ್ಮಿನಿಂದ ಕಣ್ಣೆತ್ತದೆ ಹೇಳಿದರು: "ಅಕ್ಕೋರಿದ್ರಲ್ಲ. ನಮ್ಮನೆಯವ್ರ ಹಂಗೇ. ಒಂದು ಮೊಟ್ಟೆ ಸಹ ಮುಟ್ಟಿದವ್ರಲ್ಲ."

"ನೋಡಿ, ಓದು ಅಂದ್ರೆ ಹೀಗಿರವು," ಎಂದರು ಯಜಮಾನರು.

ಎಲ್ಲರೂ ನನ್ನನ್ನು ಮೆಚ್ಚುಗೆಯಿಂದ ನೋಡಿದರು. ನಾನು ತಲೆಯಾಡಿಸಿದ್ದರೆ ಸಾಕಿತ್ತು, ಎರಡು ಕೋಣೆ, ಬಾವಿಯ ನೀರು, ಹತ್ತು ನಿಮಿಷದ ದಾರಿ ಎಲ್ಲ ಹಾಗೇ ಉಳಿಯುತ್ತಿತ್ತು. ಅಮ್ಮನಿಗೆ ಮಾತು ಕೊಟ್ಟಿದ್ದೆ. ಅದರಲ್ಲಿ ಅವರ ಪಾಲನ್ನು ಮುರಿಯುವಂತಿರಲಿಲ್ಲ.

"ಅಮ್ಮ ಏನೂ ಮುಟ್ಟಲಿಲ್ಲ," ಅಂದೆ. "ನಾನು ತಿಂದೆ. ವೆನಿಸ್‌ನಲ್ಲಿ ಮಾಣಕಿ ತಿಂದೆ. ಇಲ್ಲಿಯೂ ಪ್ರತಿ ಭಾನುವಾರ ನಮ್ಮ ಮನೆಗೆ ಹೋಗಿ ತಿನ್ನುತ್ತೇನೆ. ಬಿಟ್ಟಿದ್ದೇನೆ ಎಂದು ನಾನು ನಿಮಗೆ ಹೇಳಿದ್ದು ಸುಳ್ಳು."

ಯಾರೋ ಚಹದ ಲೋಟ ಕೆಳಗಿಟ್ಟರು. ಯಜಮಾನರು ಕನ್ನಡಕ ತೆಗೆದು ಪಂಜೆಯ ಅಂಚಿನಿಂದ ಒರೆಸಿದರು, ಬಹಳ ಹೊತ್ತು ಒರೆಸಿದರು. "ಈ ತಿಂಗಳು ಮುಗೀಲಿ ಅಕ್ಕೋರೆ," ಎಂದರು.

"ಆತು," ಅಂದೆ.

ಅಮ್ಮ ನನ್ನ ಕಡೆ ನೋಡಲಿಲ್ಲ. ಆಲ್ಬಮ್ಮಿನ ಹಾಳೆ ತಿರುಗಿಸಿ ಬೆರಳಿಟ್ಟು, "ಇದು ಮ್ಯಾಡ್ರಿಡ್," ಎಂದರು.