ಸುಣ್ಣದ ಕೆಳಗಿನ ಶೀಟು

ಜೂನ್ ಒಂಬತ್ತು, ಬೆಳಿಗ್ಗೆ ಹತ್ತೂವರೆ. ಹಿಂದಿನ ದಿನದ ಮಳೆಗೆ ಅಫಜಲಪುರದ ನಮ್ಮ ಬೇಳೆ ಮಿಲ್ಲಿನ ತಗಡಿನ ಚಾವಣಿ ಮೂರು ಕಡೆ ಸೋರಿತ್ತು. ದುರಸ್ತಿ ಮಾಡುವವರೊಬ್ಬರನ್ನು ಇಜೇರಿಯಿಂದ ಕರೆಸಿದ್ದೆ. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು. ಮಿಲ್ಲಿನ ಉಸ್ತುವಾರಿ ನನ್ನದೆಂದು ನನ್ನನ್ನು ಸಾಹೇಬ್ರು ಅನ್ನುತ್ತಿದ್ದರು.

ಬೇಸಿಗೆಯಲ್ಲಿ ಆ ಚಾವಣಿಗೆ ಸುಣ್ಣ ಬಳಿಸಿದ್ದು ನಾನು. ನಮ್ಮ ಕಡೆಯ ಬಿಸಿಲಿಗೆ ಹಲವರು ಹಾಗೆ ಮಾಡುತ್ತಾರೆ. ಬಳಿಯುವ ಮೊದಲು ಮತ್ತು ನಂತರ ದಿನವೂ ಒಳಗಿನ ಬಿಸಿ ಅಳೆದು ಬರೆದಿಟ್ಟಿದ್ದೆ: ನಾಲ್ಕು ಡಿಗ್ರಿ ಇಳಿದಿತ್ತು. ಬೆಳಕು ಬರಲೆಂದು ತಗಡುಗಳ ನಡುವೆ ಕೂಡಿಸಿದ್ದ ಪ್ಲಾಸ್ಟಿಕ್ ಶೀಟುಗಳ ಮೇಲೂ ಸುಣ್ಣ ಬಿದ್ದಿತ್ತು. ಬೇಳೆಯಿಂದ ಸಣ್ಣ ಕಲ್ಲು ಆರಿಸುವ ಹೆಂಗಸರು, "ಒಳಗ ಕತ್ತಲಿ ಆಗ್ಯಾದ್ರಿ, ಹಳ್ಳ ಯಾವ್ದು ಬ್ಯಾಳಿ ಯಾವ್ದು ತಿಳಿವಲ್ದು" ಅಂದಾಗ ಎರಡು ಬಲ್ಬು ಹಾಕಿಸಿದೆ. ಅದನ್ನೂ ಬರೆದಿಟ್ಟೆ. ಶೀಟುಗಳನ್ನು ಮರೆತೆ.

ಏಣಿಗೆ ಕಾಲಿಡುತ್ತ ದುರಸ್ತಿಯವರು ನಕ್ಕರು. "ಏನ್ರಿ ಸಾಹೇಬ್ರ, ಮದುವಿ ಮನಿಗತೆ ಸುಣ್ಣ ಹೊಡಿಸೀರಿ! ಮ್ಯಾಲ ಎಲ್ಲಾ ಗಟ್ಟಿ ಅದಾವಿಲ್ರಿ?"

"ಗಟ್ಟಿ ಅದಾವ, ಲಗೂ ಹತ್ರಿ. ಮತ್ತ ಮಳಿ ಬರ್ತದ."

ತಗಡುಗಳೇನೋ ಗಟ್ಟಿಯೇ ಇದ್ದವು. ಸ್ವಲ್ಪ ಹೊತ್ತಿಗೆ ಮಿಲ್ಲಿನೊಳಗೆ ಒಮ್ಮೆಲೇ ಬೆಳಕಾಯಿತು. ನಾನು ತಲೆ ಎತ್ತುವಷ್ಟರಲ್ಲಿ ಶೀಟು ಒಡೆದು ಅವರು ನೆಲದ ಮೇಲಿದ್ದರು.

ಕಲಬುರಗಿಗೆ ಒಯ್ಯುವಾಗ ಜೀಪಿನಲ್ಲಿ, "ನನ್ನ ಕಾಲು ಅದಾವೇನ್ ನೋಡ್ರಿ, ನನಗ ಗೊತ್ತಾಗವಲ್ದು" ಅಂದರು. "ಅದಾವ್ರಿ" ಎಂದು ಎರಡೂ ಪಾದ ಹಿಡಿದುಕೊಂಡೆ. ಹಿಡಿದದ್ದು ಅವರಿಗೆ ತಿಳಿಯಲಿಲ್ಲ.

"ಬಿದ್ದಂವ ನೋಡಿ ಕಾಲಿಡಬೇಕಿತ್ತು, ನೀ ಯಾಕ ತಲಿ ಕೆಡಿಸ್ಕೋತಿ?" ಎಂದರು ಮಾಲೀಕರು. ಆಸ್ಪತ್ರೆಯಲ್ಲಿ ಬಿದ್ದವರ ತಮ್ಮನೂ ಅದನ್ನೇ ನಂಬಿದ್ದ. "ನಮ್ಮಣ್ಣಗ ಅವಸರ ಭಾಳ್ರಿ" ಎಂದು ನನಗೇ ಕೈಮುಗಿದ. ಅವಸರ ನನ್ನದಾಗಿತ್ತು. ನಾಳೆ ಹೇಳಿದರಾಯಿತು ಅಂದುಕೊಂಡೆ. ಮರುದಿನ ಹಾಸಿಗೆ ಖಾಲಿಯಿತ್ತು. ಸೊಲ್ಲಾಪುರಕ್ಕೆ ಕರೆದೊಯ್ದರಂತೆ, ಯಾವ ಆಸ್ಪತ್ರೆಗೆಂದು ನರ್ಸಮ್ಮನಿಗೂ ಗೊತ್ತಿರಲಿಲ್ಲ. ಅಣ್ಣತಮ್ಮರಿಬ್ಬರ ಫೋನೂ ಹತ್ತುತ್ತಿಲ್ಲ. ಮೂರು ಸಲ ಇಜೇರಿಗೆ ಹೋದೆ, ಮನೆಗೆ ಬೀಗ. ಪಕ್ಕದ ಮನೆಯ ಅಜ್ಜಿ, "ನೀವು ಯಾರ್ ಪೈಕಿ?" ಅಂದರು. ಮಿಲ್ಲಿನವನು ಎಂದಷ್ಟೇ ಅಂದೆ.

ಉಳಿದ ಶೀಟುಗಳ ಸುಣ್ಣ ತೊಳೆಸಿದ್ದೇನೆ. ಹೆಂಗಸರು ಈಗ ಬಲ್ಬು ಹಾಕುವುದಿಲ್ಲ.

"ಗಟ್ಟಿ ಅದಾವ" ಅಂದವನು ನಾನು ಎಂದು ಆ ಅಣ್ಣತಮ್ಮರ ಎದುರಿಗೇ ಹೇಳಬೇಕಿದೆ. ಇಜೇರಿಯಲ್ಲಾಗಲಿ ಸೊಲ್ಲಾಪುರದಲ್ಲಾಗಲಿ ಅವರನ್ನು ಕಂಡವರು, ಅವರು ಕಾಲೂರಿ ನಿಂತದ್ದನ್ನು ಬಲ್ಲವರು, ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ನಿಂತಿಲ್ಲವಾದರೆ ಅದನ್ನೂ ಬರೆಯಿರಿ.