ಎಡೆಗೆ ಇಡಬಾರದಿದ್ದ ಕಾಫಿ

ನಮ್ಮ ಯಜಮಾನರು ಕಾಫಿ ಬಿಟ್ಟಿದ್ದು ನನಗೋಸ್ಕರ. ನಾನು ಕಡ್ಡಿಪುಡಿ ಬಿಟ್ಟೆ ಎಂದು ಅವರಿಗೆ ಹೇಳಿದ್ದು ಸುಳ್ಳು. ಈ ಎರಡು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಹೇಳೋಣ ಎಂದು ಇಟ್ಟುಕೊಂಡ ಮಾತು ನನ್ನ ಕೈಯಲ್ಲಿ ಏನಾಗುತ್ತದೆ ಎಂದು ನನಗೆ ಗೊತ್ತು.

ಕಡ್ಡಿಪುಡಿ ಎಂದರೆ ಎಲೆ ಅಡಿಕೆಯ ಜೊತೆ ಹಾಕಿಕೊಳ್ಳುವ ಹೊಗೆಸೊಪ್ಪಿನ ಪುಡಿ. ನಮ್ಮ ಕಡೆ ಹೆಂಗಸರು ಹಾಕಿಕೊಳ್ಳುವುದು ಹೊಸದಲ್ಲ. ಹತ್ತನೇ ತರಗತಿ ಮುಗಿಸಿ ಮನೆಯಲ್ಲಿದ್ದ ವರ್ಷ, ನಾಟಿಗೆ ಬಂದ ಹೆಂಗಸರ ಜೊತೆ ಬದುವಿನ ಮೇಲೆ ಕೂತು ಮೊದಲ ಸಲ ಬಾಯಿಗೆ ಹಾಕಿಕೊಂಡೆ. ತಲೆ ಸುತ್ತಿತು, ಎಲ್ಲರೂ ನಕ್ಕರು. ಆಮೇಲೆ ಮದುವೆಯಾಗಿ ಮೈಸೂರಿಗೆ ಬಂದೆ, ಶ್ರೀರಾಂಪುರದಲ್ಲಿ ಸಣ್ಣ ಮನೆ ಕಟ್ಟಿಕೊಂಡೆವು, ಮಗಳ ಮದುವೆ ಮಾಡಿದೆವು. ಅಷ್ಟು ವರ್ಷವೂ ಎಲೆಯ ಚೀಲ ಸೊಂಟದಲ್ಲೇ ಇತ್ತು.

ಒಂದು ದಸರಾ ಕಳೆದ ಮೇಲೆ ಹಲ್ಲು ನೋವೆಂದು ಆಸ್ಪತ್ರೆಗೆ ಹೋದೆ. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವಳಾದ ಡಾಕ್ಟರು ಕೆನ್ನೆಯ ಒಳಗೆ ದೀಪ ಹಿಡಿದು ನೋಡಿ, ಯಜಮಾನರನ್ನು ಒಳಗೆ ಕರೆದರು. ಕೆನ್ನೆಯ ಒಳಗೆ ಬಿಳಿ ಮಚ್ಚೆ ಇತ್ತು. "ಈಗಲೇ ಬಿಟ್ಟರೆ ಹೀಗೇ ನಿಲ್ಲಬಹುದು ಅಮ್ಮ. ಬಿಡದೇ ಹೋದರೆ ಮುಂದೇನಾಗುತ್ತೆ ಅಂತ ನಾನು ಹೇಳಬೇಕಾ?" ಎಂದರು. ಬೇಡ ಎಂದು ತಲೆಯಾಡಿಸಿದೆ.

ಯಜಮಾನರು ನನ್ನನ್ನು ಮನೆಗೆ ಕರೆದುಕೊಂಡು ಬಂದರು. ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆಯುತ್ತಾ, "ನಿಂಗೊಬ್ಬಳಿಗೇ ಯಾಕಮ್ಮಿ ಕಷ್ಟ? ನಾನೂ ಕಾಫಿ ಬುಟ್ಬುಡ್ತೀನಿ" ಎಂದರು.

"ನೀವು? ಕಾಫಿನಾ?"

"ಹೂಂ. ನೀನು ಬುಟ್ಟು ಒಂದು ವರ್ಸ ಆಗ್ಲಿ. ಅವತ್ತು ನಿನ್ ಕೈಲೇ ಮಾಡುಸ್ಕಂಡು ಕುಡೀತೀನಿ. ಅಲ್ಲಿಗಂಟ ಮುಟ್ಟಕಿಲ್ಲ."

ಅವರ ಕಾಫಿ ಎಂಥದ್ದು ಎಂದು ತಿಳಿಯದವರಿಗೆ ಇದು ಸಣ್ಣ ಮಾತೆನಿಸಬಹುದು. ಅವರಿಗೆ ಬನ್ನಿಮಂಟಪದಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಅಂಗಡಿ ಇತ್ತು. ಬೆಳಿಗ್ಗೆ ಏಳುತ್ತಲೇ ಒಂದು ಲೋಟ, ಅಂಗಡಿಗೆ ಹೊರಡುವ ಮೊದಲು ಒಂದು, ಅಂಗಡಿಯಲ್ಲಿ ಎಷ್ಟೋ. ಡಿಕಾಕ್ಷನ್ ಇಳಿಯುವಾಗ ಫಿಲ್ಟರಿನ ಪಕ್ಕ ನಿಂತು, ಮುಚ್ಚಳ ತೆಗೆದು ತೆಗೆದು ನೋಡುವವರು. ಅಂಥವರು ಮರುದಿನ ಬೆಳಿಗ್ಗೆ ಬಿಸಿನೀರಿಗೆ ಬೆಲ್ಲ ಹಾಕಿಕೊಂಡು ಕುಡಿದರು. ವಾರವಿಡೀ ತಲೆನೋವೆಂದು ಹಣೆಗೆ ಬಟ್ಟೆ ಕಟ್ಟಿಕೊಂಡು ಅಂಗಡಿಗೆ ಹೋದರು. ಗಿರಾಕಿಗಳು ಕಾಫಿ ತರಿಸಿದರೆ, "ನಮ್ಮನೆಯವಳು ಕಡ್ಡಿಪುಡಿ ಬುಟ್ಟವಳೆ, ನಾನು ಕಾಫಿ ಬುಟ್ಟಿವ್ನಿ" ಎಂದು ಹೇಳಿಕೊಳ್ಳುತ್ತಿದ್ದರಂತೆ.

ನಾನು ಹನ್ನೊಂದು ದಿನ ತಡೆದೆ. ಆ ಹನ್ನೊಂದು ದಿನ ನಿಜ. ಹನ್ನೆರಡನೆಯ ದಿನ ಹಿಂದಿನ ಬೀದಿಯಲ್ಲಿ ಗೃಹಪ್ರವೇಶ. ಊಟವಾಗಿ ಹೊರಡುವಾಗ ಮನೆಯೊಡತಿ ಅರಿಶಿನ ಕುಂಕುಮ ಕೊಟ್ಟು, ಮಡಿಲಿಗೆ ತಾಂಬೂಲ ಇಟ್ಟರು. ಮುತ್ತೈದೆ ತಾಂಬೂಲ ಬೇಡ ಎನ್ನುವಂತಿಲ್ಲ. ಚಿಗುರೆಲೆ, ಒಳ್ಳೆಯ ಅಡಿಕೆ. ಪುಡಿಯ ಪೊಟ್ಟಣ ಒಂದನ್ನು ನಾನು ಎಸೆದೇ ಇರಲಿಲ್ಲ. ಎಸೆದಿದ್ದೇನೆ ಎಂದು ನನಗೇ ಹೇಳಿಕೊಂಡಿದ್ದೆ, ಆದರೆ ಎಲ್ಲಿದೆ ಎಂದು ಕೈಗೆ ಗೊತ್ತಿತ್ತು. ಮನೆಗೆ ಬಂದು, ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಹಿಂದೆ ನಿಂತು ಹಾಕಿಕೊಂಡೆ. ಆಮೇಲೆ ಬಾಯಿ ಮುಕ್ಕಳಿಸಿ, ಎರಡು ಲವಂಗ ಜಗಿದು ಒಳಗೆ ಬಂದೆ.

ಅವತ್ತೇ ಹೇಳಬಹುದಿತ್ತು. "ತಪ್ಪಿಬಿಟ್ಟೆ ಕಣ್ರೀ, ನಾಳೆಯಿಂದ ಮತ್ತೆ ಎಣಿಸೋಣ" ಎಂದಿದ್ದರೆ ಅವರು ಬೈಯುತ್ತಿರಲಿಲ್ಲ. ಆದರೆ ಅವರು ಬಂದವರೇ, "ಹನ್ನೆರಡು ದಿನ ಆಯ್ತಲ್ವೇನಮ್ಮಿ" ಎಂದು ನಕ್ಕರು. ತಲೆನೋವು ಬಿಟ್ಟಿತ್ತು, ಮುಖ ಗೆಲುವಾಗಿತ್ತು. ನಾನು ಹೂಂ ಅಂದೆ.

ಒಂದು ಚಟವನ್ನು ಬಿಡಲು ಹೋಗಿ ಇನ್ನೊಂದನ್ನು ಕಲಿತೆ. ಮೊದಲು ಎಲೆ ಹಾಕಿಕೊಳ್ಳುವವಳಾಗಿದ್ದೆ, ಈಗ ಕದ್ದು ಹಾಕಿಕೊಳ್ಳುವವಳಾದೆ. ಮೊದಲು ದಿನಕ್ಕೆ ಹತ್ತು ಸಲ ಇದ್ದದ್ದು ಮೂರಕ್ಕೆ ಇಳಿದಿತ್ತು, ನಿಜ. ಆದರೆ ಆ ಮೂರು ಸಲಕ್ಕಾಗಿ ಇಡೀ ದಿನ ಕಾಯುತ್ತಿದ್ದೆ. ಸಂಕ್ರಾಂತಿಯಿಂದ ಬಿಡುತ್ತೇನೆ, ಶಿವರಾತ್ರಿಯಿಂದ ಬಿಡುತ್ತೇನೆ, ಯುಗಾದಿ ಎಂದರೆ ಹೊಸ ವರ್ಷ, ಅವತ್ತಿನಿಂದ ಖಂಡಿತ. ನಾನು ನಿಜವಾಗಿ ಬಿಟ್ಟ ದಿನದಿಂದ ಗುಟ್ಟಾಗಿ ಎಣಿಸಿಕೊಂಡರೆ ಯಾರಿಗೂ ನಷ್ಟವಿಲ್ಲ ಎಂದುಕೊಳ್ಳುತ್ತಿದ್ದೆ. ಬೆಳಿಗ್ಗೆ ಅವರು ಬೆಲ್ಲದ ನೀರನ್ನು ಊದಿ ಊದಿ ಕುಡಿಯುವಾಗ, ಪಕ್ಕದ ಮನೆಯ ಕಾಫಿಯ ಘಮ ಗೋಡೆ ದಾಟಿ ಬರುತ್ತಿತ್ತು. ಅವರು ಕುಡಿಯುವುದನ್ನು ನಿಲ್ಲಿಸಿ, ಆ ಘಮ ಹೋಗುವವರೆಗೂ ಸುಮ್ಮನೆ ಕೂತಿರುತ್ತಿದ್ದರು.

ಒಂಬತ್ತನೆಯ ತಿಂಗಳು, ಆಷಾಢದ ಒಂದು ಶುಕ್ರವಾರ. ನಾನು ಹಿತ್ತಲಿನಲ್ಲಿದ್ದೆ, ಬಾಯಿ ತುಂಬಾ ಎಲೆ ಇತ್ತು. ಅವರು ಒಳಗಿನಿಂದ ನನ್ನನ್ನು ಕೂಗಿದರು. ಜೋರಾಗಿ ಕೂಗಲಿಲ್ಲ. ಬಂದೆ ಎನ್ನಲು ಬಾಯಿ ತೆರೆಯುವಂತಿರಲಿಲ್ಲ. ಉಗಿದೆ. ತೊಟ್ಟಿಯಿಂದ ನೀರು ತೆಗೆದು ಎರಡು ಸಲ ಮುಕ್ಕಳಿಸಿದೆ. ಲವಂಗ ಹಾಕಿಕೊಂಡೆ, ಸೆರಗಿನಿಂದ ತುಟಿ ಒರೆಸಿಕೊಂಡೆ. ಒಳಗೆ ಹೋದಾಗ ಅವರು ಮಂಚದ ಕಾಲಿಗೆ ಒರಗಿ ಕೂತಿದ್ದರು. ಶರಟಿನ ಒಂದು ತೋಳು ಮಾತ್ರ ಹಾಕಿಕೊಂಡಿದ್ದರು. ಮಾತು ನಿಂತಿತ್ತು. ಆಟೋದಲ್ಲಿ ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ದೊಡ್ಡ ಹೃದಯಾಘಾತ, ಒಂದೆರಡು ನಿಮಿಷದಿಂದ ಏನೂ ಬದಲಾಗುತ್ತಿರಲಿಲ್ಲ ಎಂದು ಅಲ್ಲಿಯ ಡಾಕ್ಟರು ಹೇಳಿದರು. ಇರಬಹುದು. ಆದರೆ ಅವರು ಏನು ಹೇಳಲು ಕೂಗಿದರು ಎಂದು ನನಗೆ ಗೊತ್ತಾಗಲಿಲ್ಲ. ಆ ಹೊತ್ತಿನಲ್ಲಿ ನಾನು ಬಾಯಿ ತೊಳೆಯುತ್ತಿದ್ದೆ.

ಇಷ್ಟಾದ ಮೇಲಾದರೂ ಬಿಟ್ಟಿರುತ್ತೇನೆ ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ. ದುಃಖ ಮನುಷ್ಯರನ್ನು ಬದಲಾಯಿಸುತ್ತದೆ ಎಂದು ಕೇಳಿದ್ದೆ. ತಿಥಿಯ ಹನ್ನೊಂದು ದಿನ ಮನೆ ತುಂಬಾ ಜನ, ಒಂದು ದಿನವೂ ಹಾಕಿಕೊಳ್ಳಲಿಲ್ಲ. ಜನ ಹೋದ ಮೇಲೆ ಮತ್ತೆ ಶುರುವಾಯಿತು. ವಿಚಿತ್ರವೆಂದರೆ, ಮನೆಯಲ್ಲಿ ನಾನೊಬ್ಬಳೇ ಇದ್ದರೂ ಹಿತ್ತಲಿಗೇ ಹೋಗುತ್ತಿದ್ದೆ. ನಡುಮನೆಯಲ್ಲಿ ಆರಾಮಾಗಿ ಕೂತು ಹಾಕಿಕೊಂಡರೆ ಕೇಳುವವರಿಲ್ಲ. ಆದರೂ ಕಲ್ಲಿನ ಹಿಂದೆ ನಿಂತು, ಬಾಗಿಲ ಕಡೆ ಕಿವಿಯಿಟ್ಟು ಜಗಿಯುತ್ತಿದ್ದೆ. ಅವರು ಇದ್ದಾರೆ ಎಂದು ನನ್ನ ಮೈ ಇನ್ನೂ ನಂಬಿದ್ದು ಅದೊಂದು ಜಾಗದಲ್ಲಿ ಮಾತ್ರ. ಬಿಟ್ಟರೆ ಅದೂ ಹೋಗುತ್ತದೆ ಎಂಬ ಭಯವೂ ಇತ್ತೇನೋ. ಇದು ನೆಪವೂ ಇರಬಹುದು. ನೆಪ ಯಾವುದು, ನಿಜ ಯಾವುದು ಎಂದು ಈಗ ನನಗೆ ತಿಳಿಯುವುದಿಲ್ಲ.

ವರ್ಷದ ಕಾರ್ಯ ಮುಗಿದಾಗ ಮಹಾಲಯ ಅಮಾವಾಸ್ಯೆಗೆ ಎರಡು ತಿಂಗಳಿತ್ತು. ಅವತ್ತು ನಮ್ಮಲ್ಲಿ ತೀರಿಹೋದ ಹಿರಿಯರಿಗೆ ಎಡೆ ಇಡುತ್ತೇವೆ. ಅವರವರಿಗೆ ಏನು ಇಷ್ಟವಿತ್ತೋ ಅದನ್ನೆಲ್ಲ ಮಾಡಿ, ಫೋಟೋದ ಮುಂದೆ ಬಾಳೆ ಎಲೆಯಲ್ಲಿ ಬಡಿಸಿ, ಕೋಣೆಯ ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಬರಬೇಕು. ಹಿರಿಯರು ಬಂದು ಉಂಡು ಹೋಗುವವರೆಗೂ ಬಾಗಿಲು ತೆಗೆಯಬಾರದು. ವರ್ಷ ತುಂಬದವರಿಗೆ ಇಡುವುದಿಲ್ಲ, ಹಾಗಾಗಿ ಯಜಮಾನರಿಗೆ ಇದು ಮೊದಲನೆಯ ಮಹಾಲಯ. ಅವರಿಗೆ ಕಾಫಿ ಇಡಬೇಕು. ಆದರೆ ನಾನು ಬಿಡದೆ ಇಟ್ಟರೆ, ಅವರು ಬದುಕಿದ್ದಾಗ ಹೇಳಿದ ಸುಳ್ಳನ್ನೇ ಮತ್ತೊಮ್ಮೆ ಬಡಿಸಿದಂತೆ. ವರ್ಷವೆಲ್ಲ ಆಗದಿದ್ದರೂ, ಎರಡು ತಿಂಗಳಾದರೂ ನಿಜವಾಗಿ ಬಿಟ್ಟು ಆ ಲೋಟ ಇಡುತ್ತೇನೆ ಎಂದುಕೊಂಡೆ.

ನನ್ನ ನಾದಿನಿ, ಅವರ ತಂಗಿ, ಗೋಕುಲಂನಲ್ಲಿ ಯೋಗ ಕಲಿಯಲು ಬರುವ ಹೊರದೇಶದವರ ಮನೆಗಳಲ್ಲಿ ಅಡಿಗೆ ಮಾಡುತ್ತಾಳೆ. ವಾರಕ್ಕೊಮ್ಮೆ ನನ್ನನ್ನು ನೋಡಲು ಬರುವವಳು. ನಾನು ಯಾವುದೋ ಮಾತಿಗೆ, ಮನುಷ್ಯರು ಎಷ್ಟು ದಿನಕ್ಕೆ ಬದಲಾಗುತ್ತಾರೆ ಎಂದು ಅವಳನ್ನು ಕೇಳಿದೆ.

"ಅವ್ರೆಲ್ಲ ಇಪ್ಪತ್ತೊಂದು ದಿನ ಅಂತಾರೆ ಕಣತ್ತಿಗೆ. ಒಬ್ಬಳು ಸಿಗರೇಟು ಬುಡ್ತೀನಿ ಅಂತ ಅಷ್ಟು ದೂರದಿಂದ ಬಂದವ್ಳೆ. ತಲೆ ಕೆಳಗೆ ಮಾಡ್ಕಂಡು ನಿಂತ್ಕತಾಳೆ. ಈಗ ದಿನಾ ನನ್ ತಾವ ಎಲೆ ಅಡಿಕೆ ಇಸ್ಕತಾಳೆ" ಎಂದು ನಕ್ಕಳು. "ನೀವೇ ವಾಸಿ. ಏನೂ ಕಲೀದೆ ಬುಟ್ಬುಟ್ರಿ. ಅಣ್ಣನೂ ಎಷ್ಟು ಹೇಳ್ಕತಿತ್ತು."

ನಾನೂ ನಕ್ಕೆ.

ಪುಡಿಯನ್ನು ಮೋರಿಗೆ ಸುರಿದೆ. ಪುಡಿ ಮಾರುವ ಅಂಗಡಿಯ ಬೀದಿ ಬಿಟ್ಟು ಸುತ್ತಿಕೊಂಡು ನಡೆದೆ. ಒಣ ನೆಲ್ಲಿಕಾಯಿ ಬಾಯಲ್ಲಿಟ್ಟುಕೊಂಡೆ. ಒಂದು ಸಲ ಆರು ದಿನ ಆಯಿತು, ಒಂದು ಸಲ ಒಂಬತ್ತು. ಪ್ರತಿ ಸಲವೂ ತಪ್ಪಿದ್ದು ಸಂಕಟದ ಹೊತ್ತಿನಲ್ಲಲ್ಲ, ಸುಮ್ಮನೆ ಊಟವಾಗಿ ಪಾತ್ರೆ ತೊಳೆದು ಕೈ ಖಾಲಿಯಾದಾಗ. ಬೇಕು ಎಂದು ಮನಸ್ಸಿಗೆ ಬರುವ ಮೊದಲೇ ಕಾಲು ಚಪ್ಪಲಿ ಹಾಕಿಕೊಂಡಿರುತ್ತಿತ್ತು. ಬದುಕಿರುವವರಿಗೆ ಮಾತು ತಪ್ಪಿದರೆ ಮುಖ ನೋಡಬೇಕಾಗುತ್ತದೆ. ಸತ್ತವರು ಏನೂ ಕೇಳುವುದಿಲ್ಲ. ಅಮಾವಾಸ್ಯೆಯ ಹಿಂದಿನ ದಿನವೂ ಹಾಕಿಕೊಂಡೆ.

ಹಬ್ಬದ ದಿನ ಮಗಳು, ಅಳಿಯ, ನಾದಿನಿ ಬಂದರು. ಕೋಳಿ ಸಾರು, ಮುದ್ದೆ, ಕಜ್ಜಾಯ, ವಡೆ ಎಲ್ಲ ಆಯಿತು. ನಾದಿನಿ ಒಲೆಯ ಮೇಲೆ ಹಾಲಿಟ್ಟಳು.

"ಕಾಫಿ ಬೇಡ ಕಣವ್ವ" ಎಂದೆ.

"ಬೇಡ್ವಾ? ಅಣ್ಣಂಗೆ ಕಾಫಿ ಇಲ್ದಂಗೆ ಎಡೆನಾ? ಕೋಳಿ ಬುಟ್ರೂ ಬುಟ್ಟಾತು."

"ಅವರು ಬಿಟ್ಟಿದ್ದರಲ್ಲ."

"ವರ್ಸಗಂಟ ತಾನೆ ಬುಟ್ಟಿದ್ದು? ನೀವು ಬುಟ್ಟು ಎರಡು ವರ್ಸ ಆಯ್ತಾ ಬಂತು. ಅದ್ರ ಲೆಕ್ಕ ಯಾವತ್ತೋ ಮುಗೀತು. ಅಡ್ಡ ಬರಬ್ಯಾಡಿ, ಸರೀರಿ."

ಮಗಳು ಪಕ್ಕದಲ್ಲೇ ಕಜ್ಜಾಯ ಜೋಡಿಸುತ್ತಿದ್ದಳು. ನಾನು ಸರಿದು ನಿಂತೆ. ನಾದಿನಿ ಅವರದೇ ಲೋಟದಲ್ಲಿ ನೊರೆ ಬರುವಂತೆ ಕಾಫಿ ಎತ್ತಿ ಹುಯ್ದು ತಂದು, ಫೋಟೋಗೆ ಎಲ್ಲಕ್ಕಿಂತ ಹತ್ತಿರ ಇಟ್ಟಳು. ಧೂಪ ಹಾಕಿ, ಕಾಯಿ ಒಡೆದು, ಎಲ್ಲರೂ ಕೈಮುಗಿದೆವು. ಅಳಿಯ ಕೋಣೆಯ ಬಾಗಿಲು ಎಳೆದುಕೊಂಡ. ಮಗಳೂ ಅವನೂ ಮುಂದಿನ ಗೇಟಿನ ಹತ್ತಿರ ಹೋದರು. ನಾನೂ ನಾದಿನಿಯೂ ಜಗಲಿಯ ಮೇಲೆ ಕೂತೆವು.

ಒಳಗೆ ಅವರು ಈಗ ಲೋಟ ಎತ್ತುತ್ತಿದ್ದಾರೆ ಎಂದು ನನಗೆ ಅನ್ನಿಸಿತು. ಅದನ್ನು ತಡೆದುಕೊಳ್ಳಲು ಆಗಲಿಲ್ಲ.

"ನಾನು ಬಿಟ್ಟಿಲ್ಲ ಕಣವ್ವ" ಎಂದೆ.

"ಏನ ಬುಟ್ಟಿಲ್ಲ?"

"ಕಡ್ಡಿಪುಡಿ. ಯಾವತ್ತೂ ಬಿಡಲಿಲ್ಲ. ಹನ್ನೊಂದು ದಿನ ಬಿಟ್ಟಿದ್ದೆ, ಅಷ್ಟೇ. ಅವರಿಗೆ ಗೊತ್ತಿರಲಿಲ್ಲ."

ಅವಳು ನನ್ನ ಮುಖ ನೋಡಿದಳು. ಕಾಫಿ ಬಿಟ್ಟ ಅಣ್ಣ ಹಣೆಗೆ ಬಟ್ಟೆ ಕಟ್ಟಿಕೊಂಡದ್ದು ಅವಳಿಗೂ ನೆನಪಿರಬೇಕು.

"ಒಳಗೆ ಹೋಗಿ ಲೋಟ ತೆಗೆದುಬಿಡಲಾ?" ಎಂದು ಕೇಳಿದೆ.

"ಎಂಗೆ ತೆಗೀತೀರಿ? ಬಾಗ್ಲು ಹಾಕಾಯ್ತು. ಉಣ್ಣೋರ ಮುಂದೆ ಹೋಗಿ ನಿಂತ್ಕತೀರಾ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಒಂದು ಗಳಿಗೆ ಮುಂಚೆ ಹೇಳಕಾಗ್ಲಿಲ್ವಾ ಅತ್ತಿಗೆ."

ಆಗಲಿಲ್ಲ. ಎರಡು ವರ್ಷ ಆಗದ್ದು ಆ ಒಂದು ಗಳಿಗೆಯಲ್ಲಿ ಹೇಗೆ ಆಗುತ್ತಿತ್ತು. ನಾವಿಬ್ಬರೂ ಮುಚ್ಚಿದ ಬಾಗಿಲಿಗೆ ಬೆನ್ನು ಮಾಡಿ ಕೂತೆವು.

ಅಳಿಯ ಬಂದು ಮೂರು ಸಲ ಬಾಗಿಲು ತಟ್ಟಿ ತೆರೆದ. ಎಡೆಯನ್ನು ಎಲ್ಲರಿಗೂ ಹಂಚಿ ಉಂಡೆವು. ಆರಿ ಕೆನೆಗಟ್ಟಿದ ಕಾಫಿಯನ್ನು ನಾದಿನಿ ಯಾರಿಗೂ ಕೊಡದೆ ತಾನೇ ಒಂದೇ ಗುಟುಕಿಗೆ ಕುಡಿದಳು. ಊಟದ ಮೇಲೆ ಎಲೆ ಅಡಿಕೆಯ ತಟ್ಟೆ ಬಂತು. ಅದನ್ನು ಅವಳು ನನ್ನ ಮುಂದೆ ನಿಲ್ಲಿಸದೆ ಮಗಳ ಕಡೆ ಸರಿಸಿದಳು. ಅವಳು ಯಾಕೆ ಹಾಗೆ ಮಾಡಿದಳು ಎಂದು ಗೊತ್ತಿದ್ದರೂ ನನಗೆ ಅವಳ ಮೇಲೆ ಕೋಪ ಬಂತು. ಅವತ್ತಿನ ಬೇರೆ ಯಾವುದಕ್ಕಿಂತ ಆ ಕೋಪದ ಬಗ್ಗೆಯೇ ನನಗೆ ಹೆಚ್ಚು ನಾಚಿಕೆ.

ಸಂಜೆ ಅವಳನ್ನು ಬಸ್ ನಿಲ್ದಾಣದವರೆಗೆ ಬಿಡಲು ಹೋದೆ. ಬಸ್ಸು ಬರುವ ಹೊತ್ತಿಗೆ ಅವಳು ನನ್ನ ಕೈ ಹಿಡಿದುಕೊಂಡು, "ಸೋಮವಾರ ರಜ ಹಾಕಿ ಬತ್ತೀನಿ. ಆ ಮಚ್ಚೆ ತೋರುಸ್ಕಂಡು ಬರನ. ಅವತ್ತಿಂದ ಬುಟ್ಬುಡಿ ಅತ್ತಿಗೆ. ಬುಡ್ತೀರಾ?" ಎಂದಳು.

ನಾನು ಹೂಂ ಅಂದೆ. ಹನ್ನೆರಡನೆಯ ದಿನ ಅವರಿಗೆ ಅಂದಂತೆಯೇ, ಅದು ಎಷ್ಟು ಸಲೀಸಾಗಿ ಬಾಯಿಂದ ಬಂತೆಂದರೆ, ಅವಳು ಬಸ್ಸು ಹತ್ತಿ ಹೋದ ಮೇಲೂ ನನಗೆ ನಿಲ್ದಾಣದ ಬೆಂಚಿನಿಂದ ಎದ್ದು ಮನೆಗೆ ಹೋಗಲು ಧೈರ್ಯ ಬರಲಿಲ್ಲ.