ಊರು ಬರೆಯದಿದ್ದರೆ ಕುಮಟಾ

ಜಾವಾ ಪ್ರೋಗ್ರಾಮನ್ನು ಓಡಿಸುವಾಗ ಅದರ ಹೆಸರಿನ ಮುಂದೆ ನಾವು ಏನೇನು ಟೈಪು ಮಾಡುತ್ತೇವೋ ಅದೆಲ್ಲ ‘ಆರ್ಗ್ಸ್’ ಎಂಬ ಪಟ್ಟಿಗೆ ಹೋಗಿ ಬೀಳುತ್ತದೆ. ಟೈಪು ಮಾಡದಿದ್ದರೆ ಪಟ್ಟಿ ಖಾಲಿ. ಖಾಲಿ ಇದ್ದರೆ ಏನು ಮಾಡಬೇಕೆಂದು ಪ್ರೋಗ್ರಾಮು ಬರೆದವನು ಮೊದಲೇ ಯೋಚಿಸಿರಬೇಕು. ಇದನ್ನು ಎಷ್ಟೋ ವರ್ಷ ಗಂಟಲು ಸರಿಮಾಡಿಕೊಂಡು ಪಾಠ ಹೇಳಿದವನು ನಾನು.

ನಾನಿದ್ದದ್ದು ಒಂದು ಖಾಸಗಿ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ. ಕುಮಟಾದಲ್ಲಿ ಮುಖ್ಯ ಶಾಖೆ, ಹೊನ್ನಾವರಕ್ಕೊಂದು, ಭಟ್ಕಳಕ್ಕೊಂದು ಮರಿ ಶಾಖೆ. ಪರೀಕ್ಷೆಯ ಹಾಲ್ ಟಿಕೆಟ್ ಮುದ್ರಿಸಲು ನಾನೇ ಒಂದು ಪ್ರೋಗ್ರಾಮು ಬರೆದಿದ್ದೆ. ಕಪ್ಪು ಪರದೆಯಲ್ಲಿ ಅದರ ಹೆಸರು, ಮುಂದೆ ವಿದ್ಯಾರ್ಥಿಯ ನೋಂದಣಿ ಸಂಖ್ಯೆ, ಅದರ ಮುಂದೆ ಪರೀಕ್ಷೆಯ ಊರು ಬರೆದರೆ ಟಿಕೆಟ್ ತಯಾರು. ಎಲ್ಲರ ಟಿಕೆಟ್ಟುಗಳನ್ನೂ ಕುಮಟಾದಿಂದ ನಾನೇ ಕಳಿಸುತ್ತಿದ್ದೆ. ತಡವಾಗಿ ಹೆಸರು ಕೊಟ್ಟವರದ್ದನ್ನು ಮಾತ್ರ ಆಯಾ ಶಾಖೆಯವರು ಒಂದೊಂದಾಗಿ ತೆಗೆದುಕೊಳ್ಳಬೇಕಿತ್ತು.

ಭಟ್ಕಳದ ಗುಮಾಸ್ತರು ಊರು ಬರೆಯುತ್ತಲೇ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಹುಡುಕಿಕೊಂಡು ಹೋಗಿ ಪ್ರೋಗ್ರಾಮು ಅಂಗಾತ ಬೀಳುತ್ತಿತ್ತು, ಪರದೆಯ ತುಂಬ ಇಂಗ್ಲಿಷಿನ ಬೈಗುಳ. ಅವರು ಕೂಡಲೇ ನನಗೆ ಫೋನು ಮಾಡುತ್ತಿದ್ದರು.

“ಊರು ಬರೀರಿ ಅಂತ ಎಷ್ಟು ಸಲ ಹೇಳೂದು?”

“ಭಟ್ಕಳದಲ್ಲೇ ಕೂತ್ಕಂಡು ಭಟ್ಕಳ ಅಂತ ಎಂತಕ್ಕೆ ಬರೀಬೇಕು ಸರ್?”

ಹೊನ್ನಾವರದವರಿಂದ ಈ ತಕರಾರು ಬರಲೇ ಇಲ್ಲ. ನಡುವಿನ ಊರಿನವರು, ತಾವಾಗಿ ಹೇಳದಿದ್ದರೆ ತಮ್ಮನ್ನು ಯಾರೂ ನೆನಪಿಡುವುದಿಲ್ಲ ಎಂಬುದು ಅವರಿಗೆ ಗೊತ್ತು.

ಮೂರನೆಯ ಫೋನಿಗೆ ನನ್ನ ತಲೆ ಕೆಟ್ಟಿತು. ಒಂದೇ ಸಾಲು ಸೇರಿಸಿದೆ: ಪಟ್ಟಿಯಲ್ಲಿ ಊರು ಇಲ್ಲದಿದ್ದರೆ ಕುಮಟಾ ಎಂದು ತಿಳಿ. ಕುಮಟಾ ಏಕೆ? ಮಕ್ಕಳು ಇಲ್ಲೇ ಹೆಚ್ಚು ಎಂದು ಆಗ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನಾನು ಕುಮಟಾದವನು, ಬೇರೆ ಊರು ನನ್ನ ತಲೆಗೆ ಬರಲೇ ಇಲ್ಲ. ಭಟ್ಕಳಕ್ಕೆ ಫೋನು ಮಾಡಿ, “ಇನ್ನು ಮೇಲೆ ಊರು ಬರೆದರೂ ಆತು, ಬಿಟ್ಟರೂ ಆತು, ಅದೇ ನೋಡ್ಕಳ್ತದೆ” ಎಂದೆ. ನನ್ನ ಉದಾರತೆಗೆ ನಾನೇ ಮೆಚ್ಚಿ ಒಂದು ಚಾ ಕುಡಿದೆ.

ಮುಂದಿನ ಪರೀಕ್ಷೆಯ ದಿನ ಬೆಳಿಗ್ಗೆ ಒಂಬತ್ತೂವರೆಗೆ ಒಬ್ಬ ಹುಡುಗಿ ಬ್ಯಾಗು ಹಿಡಿದುಕೊಂಡು ನಮ್ಮ ಕುಮಟಾ ಶಾಖೆಯ ಮೆಟ್ಟಿಲು ಹತ್ತಿ ಬಂದಳು. ಭಟ್ಕಳದವಳು. ಜ್ವರ ಬಂದು ಹೆಸರು ಕೊಡುವುದು ತಡವಾಗಿತ್ತು, ಆ ಸಲ ಅಲ್ಲಿ ತಡವಾದವಳು ಇವಳೊಬ್ಬಳೇ. ಅವಳ ಮನೆ ಹತ್ತಿರದ ಶಾಲೆಯೊಂದರಲ್ಲಿ ಕಂಪ್ಯೂಟರ್ ಕೆಲಸ ಖಾಲಿಯಿತ್ತು. ನಮ್ಮ ಕೇಂದ್ರದ ಸರ್ಟಿಫಿಕೇಟು ತಂದರೆ ಕೆಲಸ ಅವಳಿಗೇ ಎಂದು ಶಾಲೆಯವರು ಕಾದುಕೊಂಡಿದ್ದರು. ನಾನು ಟಿಕೆಟ್ ನೋಡಿದೆ. ಊರು: ಕುಮಟಾ. ಅಕ್ಷರ ಬಹಳ ಚಂದವಾಗಿ ಮೂಡಿತ್ತು.

ಅವಳ ಪ್ರಶ್ನೆಪತ್ರಿಕೆ ಭಟ್ಕಳದ ಲಕೋಟೆಯಲ್ಲಿತ್ತು. ಪತ್ರಿಕೆಗಳು ಹೊರಗಿನಿಂದ ಎಣಿಸಿ ಬರುತ್ತವೆ, ನಮ್ಮಲ್ಲಿ ಒಂದೂ ಹೆಚ್ಚಿಗೆ ಇರಲಿಲ್ಲ. ಪರೀಕ್ಷೆ ಹತ್ತಕ್ಕೆ. ಭಟ್ಕಳಕ್ಕೆ ಬಸ್ಸಿನಲ್ಲಿ ಒಂದು ತಾಸಿಗೂ ಮಿಕ್ಕಿದ ದಾರಿ.

“ಕುಮಟಾ ಅಂತ ಬಂದಿದ್ದು ಕಂಡು ಯಾರನ್ನೂ ಕೇಳಲಿಲ್ಲವಾ?” ಎಂದೆ. ತಪ್ಪು ಮಾಡಿದವನಿಗೇ ದನಿ ಜೋರು.

“ಅಲ್ಲಿಯ ಸರ್ ಹತ್ರ ಕೇಳಿದ್ದೆ. ಕಂಪ್ಯೂಟರ್ ಕೊಟ್ಟದ್ದು ಸುಳ್ಳಾಗ್ತದಾ, ಅದ್ರಲ್ಲಿ ಇದ್ದಲ್ಲಿಗೇ ಹೋಗು ಅಂದ್ರು.”

ನಾನು ಕುರ್ಚಿ ಕೊಟ್ಟು, ನೀರು ಕೊಟ್ಟು, ಊರು ಬರೆಯದಿದ್ದರೆ ಪ್ರೋಗ್ರಾಮು ಏನು ಮಾಡುತ್ತದೆಂದು ವಿವರಿಸಿದೆ. ಪರೀಕ್ಷೆ ತಪ್ಪಿದವಳಿಗೆ ಪಾಠ! ಆಕೆ ಪೂರ್ತಿ ಕೇಳಿದಳು.

“ಊರು ಹೇಳದಿದ್ರೆ ಬಸ್ಸಿನ ಕಂಡಕ್ಟರ್ ಸೈತ ಎಲ್ಲಿಗೆ ಅಂತ ಕೇಳ್ತಾರೆ ಸರ್” ಎಂದಳು.

ಅಳಲಿಲ್ಲ, ಜಗಳ ಮಾಡಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಿ ದೊಡ್ಡ ಮನುಷ್ಯನಾಗಬಹುದಿತ್ತು. ನನಗೆ ನಾಚಿಕೆಯಾಯಿತು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಂಡವಳು ಅವಳು. ಶಾಲೆಯ ಆ ಕುರ್ಚಿಯಲ್ಲಿ ವಾರದೊಳಗೆ ಬೇರೆಯವರು ಕೂತರು.

ಅಂದೇ ಆ ಸಾಲು ಅಳಿಸಿದೆ. ಈಗ ಊರು ಬರೆಯದಿದ್ದರೆ ಪ್ರೋಗ್ರಾಮು ಬೀಳುವುದೂ ಇಲ್ಲ, ಊಹಿಸುವುದೂ ಇಲ್ಲ. ‘ಯಾವ ಊರು?’ ಎಂದು ಕನ್ನಡದಲ್ಲಿ ಕೇಳಿ ಕಾಯುತ್ತದೆ. ಮುಂದಿನ ಸಲ ಟಿಕೆಟ್ ತೆಗೆಯುವಾಗಲೇ ಭಟ್ಕಳದ ಗುಮಾಸ್ತರು ಫೋನು ಮಾಡಿದರು. “ನಿಮ್ಮ ಪ್ರೋಗ್ರಾಮ್ ಹಾಳಾತು ಸರ್. ಮೊದ್ಲು ತಾನೇ ಮಾಡ್ತಿತ್ತು, ಈಗ ನಮ್ಮ ಹತ್ರ ಕೇಳ್ತದೆ.”

ಆರು ತಿಂಗಳಿಗೆ ಆಕೆ ಮತ್ತೆ ಪರೀಕ್ಷೆಗೆ ಹೆಸರು ಕೊಟ್ಟಳು. ಅವಳ ಟಿಕೆಟ್ಟನ್ನು ನಾನೇ ಮುದ್ರಿಸಿ, ಎರಡೆರಡು ಸಲ ಓದಿ ಕಳಿಸಿದೆ. ಪರೀಕ್ಷೆಯ ಹಿಂದಿನ ದಿನ ಅವಳ ಫೋನು ಬಂತು.

“ಸರ್, ಟಿಕೆಟ್ಟಲ್ಲಿ ಭಟ್ಕಳ ಅಂತ ಉಂಟು. ಹೌದಾ?”

“ಹೌದಮ್ಮ, ಭಟ್ಕಳವೇ. ನಾನೇ ನೋಡಿ ತೆಗೆದದ್ದು.”

ಆಕೆ ಬಹಳ ಮರ್ಯಾದೆಯಿಂದ ಕೇಳಿದಳು:

“ಬೇರೆ ಯಾರ ಹತ್ರಾದ್ರೂ ಒಂದ್ಸಲ ಕೇಳಿ ಹೇಳ್ತೀರಾ ಸರ್?”